ಗೆದ್ದ ದಿನಕ್ಕೇ ಮುಗಿದುಹೋಗುವ ಲೆಕ್ಕ

ಪರದೇಶದ ಅಂತರ್ಯುದ್ಧಕ್ಕೆ ಸೇನೆ ಕಳಿಸುವುದು ಸರಿಯೇ? ಉಪಯುಕ್ತತಾವಾದದ ಉತ್ತರ ನೇರವಾಗಿದೆ: ಅಳಿಯುವ ಜೀವಗಳಿಗಿಂತ ಉಳಿಯುವ ಜೀವಗಳು ಹೆಚ್ಚಾದರೆ ಸರಿ, ಇಲ್ಲದಿದ್ದರೆ ತಪ್ಪು. ಈ ಲೆಕ್ಕವನ್ನು ಬಹಿರಂಗವಾಗಿ ಮುಂದಿಟ್ಟು ನಡೆಸಿದ ಯುದ್ಧಗಳಲ್ಲಿ 2011ರ ಲಿಬಿಯಾ ಕಾರ್ಯಾಚರಣೆ ಮುಖ್ಯವಾದದ್ದು. ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ನೋಡಬೇಕು.

ಫೆಬ್ರವರಿಯಲ್ಲಿ ಲಿಬಿಯಾದ ಬೆಂಗಾಜಿ ನಗರ ದಂಗೆ ಎದ್ದಿತು. ಮನೆಮನೆ ಜಾಲಾಡಿ ದಂಗೆಕೋರರನ್ನು ಮುಗಿಸುತ್ತೇನೆಂದು ದೇಶದ ಸರ್ವಾಧಿಕಾರಿ ಗಡಾಫಿ ಟಿವಿಯಲ್ಲೇ ಗುಡುಗಿದ. ಮಾರ್ಚ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಾಗರಿಕರ ರಕ್ಷಣೆಗಾಗಿ 1973ನೇ ನಿರ್ಣಯವನ್ನು ಅಂಗೀಕರಿಸಿತು. ಹತ್ತು ದೇಶಗಳು ಪರವಾಗಿ ಮತ ಹಾಕಿದವು. ಭಾರತ, ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ತಟಸ್ಥವಾಗಿ ಉಳಿದವು. ಎರಡೇ ದಿನಗಳಲ್ಲಿ ವಿಮಾನದಾಳಿ ಶುರುವಾಯಿತು. ಬೆಂಗಾಜಿಯತ್ತ ನುಗ್ಗುತ್ತಿದ್ದ ಸೇನೆ ಹಿಮ್ಮೆಟ್ಟಿತು. ನಿರ್ಣಯ ಹೇಳಿದ ಕೆಲಸ ಬಹುಮಟ್ಟಿಗೆ ಅಲ್ಲಿಗೇ ಆಗಿತ್ತು.

ಆದರೆ ಯುದ್ಧ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಆಫ್ರಿಕಾ ಒಕ್ಕೂಟ ತಂದ ಕದನವಿರಾಮದ ಸೂತ್ರವನ್ನು, ಗಡಾಫಿ ಅಧಿಕಾರ ಬಿಡುವ ಮಾತು ಅದರಲ್ಲಿಲ್ಲವೆಂದು ದಂಗೆಕೋರರು ತಿರಸ್ಕರಿಸಿದರು. ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಪಾಶ್ಚಾತ್ಯ ಸೇನಾಕೂಟ ನ್ಯಾಟೊದ ಬಾಂಬ್ ದಾಳಿ ಮುಂದುವರಿಯಿತು. ಆಗಸ್ಟ್ 8ರ ರಾತ್ರಿ ಜ್ಲಿಟನ್ ಸಮೀಪದ ಮಾಜೆರ್ ಎಂಬ ಹಳ್ಳಿಯ ಮನೆಗಳ ಮೇಲೆ ಬಾಂಬು ಬಿತ್ತು. ಅವಶೇಷದಡಿ ಸಿಲುಕಿದವರನ್ನು ಎತ್ತಲು ನೆರೆಹೊರೆಯವರು ಓಡಿ ಬಂದಾಗ ಅವರ ಮೇಲೂ ಬಿತ್ತು. ಹ್ಯೂಮನ್ ರೈಟ್ಸ್ ವಾಚ್ ಅಲ್ಲಿ ಲೆಕ್ಕ ಹಾಕಿದ ಸಾವು 34.

ಲೆಕ್ಕದ ಮೊದಲ ದೋಷ ಇಲ್ಲೇ ಕಾಣುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿರುವುದು ನಡೆಯದೇ ಹೋದ ಹತ್ಯಾಕಾಂಡ. ಅದನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು. ಇನ್ನೊಂದರಲ್ಲಿರುವುದು ಮಾಜೆರ್‌ನಂಥ ಊರುಗಳ ಹೆಣಗಳು. ಇವನ್ನು ಎಣಿಸಬಹುದು, ಆದರೆ ದಾಳಿ ಮಾಡಿದವರಿಗೆ ಎಣಿಸುವ ಆಸಕ್ತಿ ಇರಲಿಲ್ಲ. ಬೆಂಗಾಜಿಯ ನಾಗರಿಕರಿಗಿದ್ದ ಅಪಾಯವನ್ನು ಉತ್ಪ್ರೇಕ್ಷಿಸಲಾಗಿತ್ತು ಎಂದು ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿಯೇ 2016ರಲ್ಲಿ ವರದಿ ಕೊಟ್ಟಿತು.

ಎರಡನೆಯದು ಇನ್ನೂ ದೊಡ್ಡ ದೋಷ. ಅಕ್ಟೋಬರ್ 20ರಂದು ಗಡಾಫಿ ಸಿರ್ಟೆಯಲ್ಲಿ ಸತ್ತ. ತಿಂಗಳ ಕೊನೆಗೆ ನ್ಯಾಟೊ ಕಾರ್ಯಾಚರಣೆ ಮುಗಿಸಿ ಲೆಕ್ಕದ ಪುಸ್ತಕ ಮುಚ್ಚಿತು. ಲಿಬಿಯನ್ನರ ಪಾಲಿಗೆ ಅದು ಮುಚ್ಚಲಿಲ್ಲ. ಅಲ್ಲಿನ ಶಸ್ತ್ರಾಸ್ತ್ರ ಮಾಲಿಗೆ ಹರಿದು 2012ರಲ್ಲಿ ಆ ದೇಶವೂ ಕುಸಿಯಿತು. 2014ರಲ್ಲಿ ಲಿಬಿಯಾ ಮತ್ತೆ ಅಂತರ್ಯುದ್ಧಕ್ಕೆ ಬಿತ್ತು, ಎರಡು ಸರ್ಕಾರಗಳು ಎದುರುಬದುರು ನಿಂತವು. 2023ರ ಸೆಪ್ಟೆಂಬರ್‌ನಲ್ಲಿ ವರ್ಷಗಟ್ಟಲೆ ನಿರ್ವಹಣೆ ಕಾಣದ ಎರಡು ಅಣೆಕಟ್ಟು ಒಡೆದು ಡೆರ್ನಾ ನಗರದ ಸಾವಿರಾರು ಜನ ಕೊಚ್ಚಿಹೋದರು. ಗಡಾಫಿ ಬಿದ್ದ ಮರುದಿನಕ್ಕೆ ಯೋಜನೆ ಮಾಡದಿದ್ದದ್ದೇ ಬಹುಶಃ ತನ್ನ ಆಡಳಿತದ ಅತಿ ದೊಡ್ಡ ತಪ್ಪು ಎಂದು ಆಗಿನ ಅಮೆರಿಕ ಅಧ್ಯಕ್ಷ ಒಬಾಮಾ ಒಪ್ಪಿಕೊಂಡದ್ದು 2016ರಲ್ಲಿ.

ಈ ಅಪಾಯವನ್ನು ಉಪಯುಕ್ತತಾವಾದದ ಹಿರಿಯ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರ ತನ್ನ ಪ್ರಬಂಧದಲ್ಲೇ ಹೇಳಿದ್ದ: ಹೊರಗಿನವರು ಗೆದ್ದುಕೊಟ್ಟ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ಶಕ್ತಿ ಆ ಜನರಲ್ಲಿ ಬೆಳೆದಿರುವುದಿಲ್ಲ. ಮಾತು ತೂಕದ್ದೇ. ಆದರೆ ಈ ವಿವೇಕವನ್ನು ಆತ ‘ನಾಗರಿಕ’ ರಾಷ್ಟ್ರಗಳಿಗಷ್ಟೇ ಮೀಸಲಿಟ್ಟು, ಭಾರತದ ಅವಧ್ ಸಂಸ್ಥಾನವನ್ನು ಬ್ರಿಟಿಷರು ಕಬಳಿಸಿದ್ದನ್ನು ಸಮರ್ಥಿಸಿದ. 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದವನ ಕುರುಡು ಅದು. ನಮ್ಮ ಮೈಸೂರಿಗೂ ಇಂಥ ಸಮರ್ಥನೆಯ ಬಿಸಿ ತಟ್ಟಿದೆ. ನಗರ ಸೀಮೆಯ ರೈತ ದಂಗೆಯನ್ನೂ ದುರಾಡಳಿತವನ್ನೂ ನೆಪ ಮಾಡಿ 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡಿತು. ಬ್ರಿಟಿಷರು ಅದನ್ನು ಒಡೆಯರ ವಂಶಕ್ಕೆ ಮರಳಿ ಒಪ್ಪಿಸಿದ್ದು ಐವತ್ತು ವರ್ಷದ ಮೇಲೆ. ಪ್ರಜೆಗಳ ಹಿತವೆಂಬ ಕಾರಣ ಬಲಿಷ್ಠರ ಕೈಗೆ ಎಷ್ಟು ಸುಲಭವಾಗಿ ಒದಗುತ್ತದೆ ಎಂಬುದು ಕನ್ನಡಿಗರಿಗೆ ಹೊಸದಲ್ಲ.

ಹಾಗೆಂದು ಲೆಕ್ಕವನ್ನೇ ಎಸೆಯುವಂತಿಲ್ಲ. 1994ರಲ್ಲಿ ರುವಾಂಡಾದಲ್ಲಿ ಕೊಲೆಗಳು ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ತನ್ನ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಸುಮಾರು ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ. ಕೈಕಟ್ಟಿ ಕೂರುವುದಕ್ಕೂ ಬೆಲೆ ತೆರಬೇಕು, ಅದನ್ನು ತೆರುವವರೂ ಬಡಪಾಯಿಗಳೇ. ಇನ್ನು 1971ರಲ್ಲಿ ಭಾರತ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಈಗಿನ ಬಾಂಗ್ಲಾದೇಶಕ್ಕೆ, ಸೇನೆ ಕಳಿಸಿದಾಗ ನಮ್ಮ ಉದ್ದೇಶದಲ್ಲಿ ಸ್ವಹಿತವೂ ಬೆರೆತಿತ್ತು. ಆದರೂ ಅದು ಈ ಲೆಕ್ಕದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಪಾಕಿಸ್ತಾನಿ ಸೇನೆ ನಡೆಸಿದ ಹತ್ಯೆ ತಿಂಗಳುಗಟ್ಟಲೆ ಕಣ್ಣೆದುರೇ ಸಾಗಿತ್ತು, ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿದ್ದರು. ಚುನಾವಣೆ ಗೆದ್ದ ಅಲ್ಲಿನ ಅವಾಮಿ ಲೀಗ್ ಪಕ್ಷ ಆಡಳಿತ ವಹಿಸಿಕೊಳ್ಳಲು ಸಿದ್ಧವಿತ್ತು. 1972ರ ಮಾರ್ಚ್‌ನಲ್ಲಿ ನಮ್ಮ ಸೇನೆ ಮರಳಿತು. ನಂತರ ಬಾಂಗ್ಲಾದೇಶ ಕ್ಷಾಮವನ್ನೂ ಸೇನಾಕ್ರಾಂತಿಯನ್ನೂ ಕಂಡಿತು, ನಿಜ. ಆದರೆ ರಾಷ್ಟ್ರವಾಗಿ ಉಳಿಯಿತು.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಉಪಯುಕ್ತತಾವಾದದ ಅಳತೆಗೋಲು ಸುಳ್ಳಲ್ಲ. ಅದನ್ನು ಅರ್ಧಕ್ಕೇ ಹಿಡಿದು ಅಳೆಯುವವರು ಸುಳ್ಳು ಹೇಳುತ್ತಾರೆ. ಸೇನೆ ಕಳಿಸಬೇಕೆನ್ನುವವರು ಮೂರು ಪ್ರಶ್ನೆಗೆ ಮೊದಲೇ ಉತ್ತರ ಕೊಡಬೇಕು: ಎಲ್ಲಿ ನಿಲ್ಲುತ್ತೀರಿ, ನೀವು ಕೊಂದವರನ್ನು ಯಾರು ಎಣಿಸುತ್ತಾರೆ, ನೀವು ಹೊರಟ ಮೇಲೆ ಆ ಊರನ್ನು ಯಾರು ನಡೆಸುತ್ತಾರೆ? ಉತ್ತರ ಇಲ್ಲದಿದ್ದರೆ, ಎಷ್ಟೇ ಜೀವ ಉಳಿಸುತ್ತೇವೆಂದರೂ, ಅವರ ಕೈಗೆ ಬಾಂಬು ಕೊಡಬಾರದು.