ದಿನಚರಿಯೂ ಪಾಡ್ದನವೂ

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಆಡಳಿತವನ್ನರಿಯಲು ಅಲ್ಲಿನವರು ಎರಡನ್ನು ಕಾದಿರಿಸಿದ್ದಾರೆ: ಅವರ ದಿನಚರಿ, ಬಲ್ಲವರ ಬಾಯಿಮಾತು. ನಮ್ಮ ಸೀಮೆಗೂ ಇಂಥ ಜೋಡಿಯುಂಟು. ವೆಲ್ಲೆಸ್ಲಿಯ ಆಜ್ಞೆಯಂತೆ ೧೮೦೧ರಲ್ಲಿ ಕಾರ್ಕಳ, ಉಡುಪಿಗಳನ್ನು ಹಾದುಹೋದ ಬುಕಾನನ್ ದಿನದಿನವೂ ಬರೆದಿಟ್ಟ ಪ್ರವಾಸಗ್ರಂಥ ಒಂದು. ೧೯೯೦ರಲ್ಲಿ ಗೋಪಾಲ ನಾಯ್ಕರಿಂದ ಲೌರಿ ಹೋಂಕೋ ತಂಡ ದಾಖಲಿಸಿ, ೧೯೯೮ರಲ್ಲಿ ಪ್ರಕಟಿಸಿದ ಸಿರಿ ಪಾಡ್ದನ ಇನ್ನೊಂದು.

ಬುಕಾನನ್ನನಲ್ಲಿ ಗದ್ದೆ, ಬೆಳೆ, ತೆರಿಗೆಗಳ ವಿವರ ಅಚ್ಚುಕಟ್ಟು. ಆಳುವವರಿಗೆ ಬೇಕಾದದ್ದು ಅದೇ. ಹೆಣ್ಣಿನ ಮದುವೆ, ಬಿಡುಗಡೆ ಅಲ್ಲಿ ಬಂದರೂ ಜಾತಿಯ ಕಟ್ಟಳೆಯಾಗಿ ಬರುತ್ತವೆ. ಒಬ್ಬಳ ದನಿ ಕೇಳಿಸದು. ಪಾಡ್ದನದ ಸಿರಿಯಾದರೋ ಬಸರೂರಿನ ಕಾಂತು ಪೂಂಜನನ್ನು ತಾನೇ ತೊರೆದು ಹೊರಡುತ್ತಾಳೆ. ಹಿರಿಯಡಕ, ನಂದಳಿಕೆಗಳ ಸಿರಿಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಇಂದಿಗೂ ಸಿರಿಗಳು ಬಂದು ಮಾತಾಡುತ್ತಾರೆ.

ಇಸವಿಯಿಲ್ಲವೆಂದು ಪಾಡ್ದನವನ್ನು ಚರಿತ್ರೆಯಿಂದ ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ಇಸವಿಯನ್ನು ಬುಕಾನನ್ನನಿಂದ ಪಡೆಯೋಣ. ಇಲ್ಲಿನ ಹೆಣ್ಣು ಯಾವುದನ್ನು ಅನ್ಯಾಯವೆಂದು ಬಗೆದಳೆಂಬುದನ್ನು ಪಾಡ್ದನದಿಂದಲೇ ತಿಳಿಯಬೇಕು.