ಹಿಟ್ಟಿನ ಹುಂಜ ಮತ್ತು ಪರದೆಯ ಮೇಲಿನ ಯುದ್ಧ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನರಿಗೆ ಯುದ್ಧವನ್ನು ಕಾದು ನೋಡುವುದು ಹೊಸ ಸಂಗತಿಯೇನಲ್ಲ. ಊರಿನಲ್ಲಿ ಬಯಲಾಟವೆಂದರೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಮಾಸ್ತರನ ಮುಂದೆ ಭೀಮನ ಹೆಜ್ಜೆ ಕಲಿಯುತ್ತಾನೆ. ಆಟದ ರಾತ್ರಿ ಸಾರಥಿಯು ‘ನೀನು ಯಾರು’ ಎಂದು ಕೇಳಿದಾಗ ಆತ ತನ್ನ ಹೆಸರನ್ನು ಬಿಟ್ಟು ಪಾತ್ರದ ಹೆಸರನ್ನು ಹೇಳುತ್ತಾನೆ. ಬೆಳಗಿನ ಜಾವದ ಕಾಳಗಕ್ಕಾಗಿ ಜನರು ನಿದ್ದೆಗೆಟ್ಟು ಕುಳಿತಿರುತ್ತಾರೆ. ಕಾಳಗ ಮುಗಿದು ಸೂರ್ಯೋದಯವಾದರೆ ಕೊಂದವನೂ ಸತ್ತವನೂ ಒಂದೇ ಬಾವಿಯ ನೀರಿನಲ್ಲಿ ಮುಖದ ಬಣ್ಣ ತೊಳೆಯುತ್ತಾರೆ.

ಇಂದು ಅದೇ ಊರುಗಳ ಮನೆಗಳಿಗೆ ಇನ್ನೊಂದು ಬಗೆಯ ಕಾಯುವಿಕೆ ಬಂದಿದೆ. ಓದು ಮುಗಿಸಿದ ಹುಡುಗರು ಗಣಕಯಂತ್ರದ ಮುಂದೆ ಹೊಸ ವಿಡಿಯೋ ಆಟವೊಂದರ ಬಿಡುಗಡೆಯ ದಿನವನ್ನು ಎಣಿಸುತ್ತಾರೆ. ಇವುಗಳಲ್ಲಿ ಪಾತ್ರಧಾರಣೆಯ ಆಟವೆಂಬುದು ಒಂದು ವರ್ಗ. ಆಡುವವನು ಒಂದು ಪಾತ್ರವನ್ನು ಧರಿಸಿ, ಕಥೆಯೊಳಗೆ ಸಂಚರಿಸಿ, ಎದುರಾದವರೊಡನೆ ಹೋರಾಡಿ ಬಲವನ್ನು ವೃದ್ಧಿಸಿಕೊಳ್ಳುತ್ತಾನೆ. ಹೋರಾಟವು ಯಾವ ನಿಯಮದಿಂದ ನಡೆಯುತ್ತದೆ, ಗೆದ್ದರೆ ಏನು ದೊರೆಯುತ್ತದೆ ಎಂಬ ಏರ್ಪಾಡನ್ನು ಯುದ್ಧಪದ್ಧತಿ ಎನ್ನುತ್ತಾರೆ. ಬರಲಿರುವ ಆಟದ ಬಗ್ಗೆ ಅಭಿಮಾನಿಗಳು ಮೊದಲು ಕೇಳುವ ಪ್ರಶ್ನೆಗಳಲ್ಲಿ ಈ ಪದ್ಧತಿಯದೂ ಒಂದು. ಹಿರಿಯರು ಇದನ್ನು ಹುಡುಗಾಟವೆಂದು ತಳ್ಳಿಹಾಕುತ್ತಾರೆ, ಇಲ್ಲವೇ ಹಿಂಸೆಯೆಂದು ಒಂದೇ ಮಾತಿನಲ್ಲಿ ನಿಷೇಧಿಸುತ್ತಾರೆ. ಎರಡೂ ವಿಚಾರಮಾಡದ ತೀರ್ಮಾನಗಳು. ಆಟದ ನೀತಿಯು ಅದರ ಚಿತ್ರಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಯುದ್ಧಪದ್ಧತಿಯ ಲೆಕ್ಕದಲ್ಲಿ ಅಡಗಿರುತ್ತದೆ. ಆದ್ದರಿಂದ ಆ ಲೆಕ್ಕವನ್ನೇ ಪರಿಶೋಧಿಸುವುದು ಶ್ರಾವಕರಿಗೆ ಉಚಿತವಾದ ಮಾರ್ಗ.

ಪರದೆಯ ಮೇಲೆ ಸಾಯುವುದು ಜೀವವಲ್ಲ, ಬಣ್ಣದ ಚುಕ್ಕೆಗಳ ಸಮೂಹ. ಅಂದಮೇಲೆ ಹಿಂಸೆಯೆಲ್ಲಿಂದ ಬಂತು ಎಂಬುದು ಹುಡುಗರ ವಾದ. ದ್ರವ್ಯಹಿಂಸೆಯ ದೃಷ್ಟಿಯಿಂದ ಈ ವಾದ ಸರಿಯಾದದ್ದೇ. ಆದರೆ ಜಿನಾಗಮವು ಹಿಂಸೆಯನ್ನು ದ್ರವ್ಯದಿಂದ ಮಾತ್ರ ಅಳೆಯುವುದಿಲ್ಲ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಪ್ರಮಾದವನ್ನು ಕಾರಣವಾಗಿ ಮುಂದಿಟ್ಟರು. ಕನ್ನಡದ ಓದುಗರಿಗೆ ಇದರ ನಿದರ್ಶನ 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿಯೇ ಇದೆ. ದುಃಸ್ವಪ್ನದ ಶಾಂತಿಗೆಂದು ಬಲಿಕೊಡಲು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಜೀವವನ್ನು ಕೊಲ್ಲಲೊಲ್ಲದ ಯಶೋಧರನು ಹಿಟ್ಟಿನ ಹುಂಜವನ್ನು ಬಲಿಕೊಡಲು ಒಪ್ಪಿದನು. ಕತ್ತಿಗೆ ಸಿಕ್ಕಿದ್ದು ಹಿಟ್ಟು. ಆದರೂ ಕೊಲ್ಲುವ ಸಂಕಲ್ಪದ ಫಲವಾಗಿ ತಾಯಿ ಮಕ್ಕಳಿಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಿದರು. ಆಟವಾಡುವ ಬಾಲಕನನ್ನು ಯಶೋಧರನಿಗೆ ಸಮಾನನೆನ್ನುವುದು ಅತಿಯಾದೀತು. ಬಲಿಯಲ್ಲಿದ್ದ ದೃಢಸಂಕಲ್ಪ ಆಟದಲ್ಲಿರುವುದಿಲ್ಲ. ಆದರೂ ಪ್ರತಿಮೆಯ ಮೇಲೆ ಎತ್ತಿದ ಕೈ ಮನಸ್ಸಿನಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಜಪಾನಿನಲ್ಲಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’, 1987ರಲ್ಲಿ ‘ಫೈನಲ್ ಫ್ಯಾಂಟಸಿ’ ಎಂಬ ಆಟಗಳು ಪ್ರಕಟವಾಗಿ, ಈ ವರ್ಗದ ಯುದ್ಧಪದ್ಧತಿಗೆ ಬಹುಕಾಲ ಮಾದರಿಯಾದವು. ಅವುಗಳಲ್ಲಿ ಸರದಿಯಂತೆ ಹೊಡೆತ ನಡೆಯುತ್ತದೆ. ಶತ್ರು ಬಿದ್ದೊಡನೆ ಹಣವೂ ಅನುಭವಾಂಕವೂ ಖಾತೆಗೆ ಜಮೆಯಾಗುತ್ತವೆ. ಅಂಕ ತುಂಬಿದಂತೆ ನಾಯಕನ ಮಟ್ಟ ಏರುತ್ತದೆ. ವ್ಯಾಪಾರಸ್ಥರಿಗೆ ಈ ಪುಸ್ತಕದ ದೋಷ ಕೂಡಲೇ ಕಾಣಬೇಕು. ಜಮೆಯ ಪುಟವಿದೆ, ಖರ್ಚಿನ ಪುಟವಿಲ್ಲ. ಕೊಂದವನಿಗೆ ಬಂದ ಲಾಭವನ್ನು ಬರೆಯುತ್ತಾರೆ. ಸತ್ತವನಿಗೆ ಹೆಸರಿತ್ತೇ, ಮನೆಯಿತ್ತೇ ಎಂಬುದನ್ನು ಎಲ್ಲಿಯೂ ಬರೆಯುವುದಿಲ್ಲ. ಕೊಲೆಗೆ ‘ಅನುಭವ’ ಎಂಬ ಗೌರವದ ಹೆಸರು ಅಂಟಿಕೊಂಡದ್ದು ಹೀಗೆ.

ಈ ಲೆಕ್ಕವನ್ನು ತಿರುವಿಹಾಕಿದ ಆಟವೊಂದು 2015ರಲ್ಲಿ ಬಂದಿತು. ಅಮೆರಿಕದ ಟೋಬಿ ಫಾಕ್ಸ್ ರಚಿಸಿದ ‘ಅಂಡರ್‌ಟೇಲ್’ ಅದರ ಹೆಸರು. ಭೂಮಿಯ ಕೆಳಗೆ ವಾಸಿಸುವ ವಿಚಿತ್ರ ಜೀವಿಗಳ ನಡುವೆ ಬಿದ್ದ ಮಗುವಿನ ಕಥೆ ಅದು. ಎದುರಾಳಿ ಬಂದಾಗ ಹೊಡೆಯುವ ಆಯ್ಕೆಯೊಡನೆ ಮಾತನಾಡುವ ಹಾಗೂ ಬಿಟ್ಟುಬಿಡುವ ಆಯ್ಕೆಗಳೂ ಇವೆ. ಎದುರಾಳಿಗೆ ಹೆಸರಿದೆ, ಸಂಕೋಚವಿದೆ, ಅಳುಕಿದೆ. ಅದನ್ನರಿತು ನಡೆದರೆ ಆತ ಜಗಳವನ್ನು ತಾನೇ ಮರೆಯುತ್ತಾನೆ. ಆತನ ಸರದಿಯಲ್ಲಿ ಆಡುವವನ ಪ್ರಾಣವು ಪುಟ್ಟ ಹೃದಯದ ರೂಪದಲ್ಲಿ ಬಾಣಗಳ ನಡುವೆ ನುಸುಳಬೇಕು, ಅಂದರೆ ಪೆಟ್ಟನ್ನು ಸಹಿಸಿಯೂ ಕೈ ತಡೆದಿರಬೇಕು. ಒಬ್ಬರನ್ನೂ ಕೊಲ್ಲದೆ ಆಟವನ್ನು ಮುಗಿಸಬಹುದು. ಹಾಗೆ ಮಾಡಿದವನ ಮಟ್ಟವು ಕೊನೆಯವರೆಗೂ ಒಂದರಲ್ಲಿಯೇ ಉಳಿಯುತ್ತದೆ.

ಆಟದ ಅಂತ್ಯದ ಬಳಿ ಒಂದು ನ್ಯಾಯಸಭೆ ಬರುತ್ತದೆ. ಇದುವರೆಗೆ ಅನುಭವವೆಂದು ತಿಳಿದ ಅಂಕಗಳು ವಧೆಯ ಅಂಕಗಳೆಂದೂ, ಪ್ರೀತಿ ಎಂಬ ಅರ್ಥದ ಇಂಗ್ಲಿಷ್ ಪದವಾಗಿ ಕಾಣುತ್ತಿದ್ದ ಅಕ್ಷರಗಳು ಹಿಂಸೆಯ ಮಟ್ಟದ ಸಂಕ್ಷಿಪ್ತರೂಪವೆಂದೂ ಅಲ್ಲಿ ತಿಳಿಯುತ್ತದೆ. ಇದಕ್ಕಿಂತ ಗಾಢವಾದ ಅಂಶ ಇನ್ನೊಂದಿದೆ. ಆರಂಭದಲ್ಲಿ ಮಗುವನ್ನು ತಾಯಿಯಂತೆ ಸಲಹುವ ಟೋರಿಯಲ್ ಎಂಬವಳನ್ನು ಕೊಂದು, ಪಶ್ಚಾತ್ತಾಪಪಟ್ಟು, ಹಿಂದೆ ಉಳಿಸಿಟ್ಟ ಘಟ್ಟದಿಂದ ಮರಳಿ ಆಡಿ ಅವಳನ್ನು ಬದುಕಿಸಿಕೊಳ್ಳಬಹುದು. ಆದರೆ ಫ್ಲೋಯಿ ಎಂಬ ಹೂವಿನ ಪಾತ್ರವು ಆ ಹಿಂದಿನ ಕೊಲೆಯನ್ನು ಎತ್ತಿ ಆಡುತ್ತದೆ. ಪುಟವನ್ನು ಹರಿದರೂ ಬರೆದ ಬಾಕಿ ಅಳಿಯಲಿಲ್ಲ. ಕರ್ಮಸಿದ್ಧಾಂತವನ್ನು ಕೇಳಿ ಬೆಳೆದ ಮನೆಯ ಹುಡುಗನಿಗೆ ಆಸ್ರವ, ಬಂಧಗಳ ಪಾಠವನ್ನು ಬಿಡಿಸಿ ಹೇಳಲು ಇದಕ್ಕಿಂತ ಸುಲಭವಾದ ದೃಷ್ಟಾಂತ ಈ ಕಾಲದಲ್ಲಿ ದೊರೆಯುವುದು ಕಷ್ಟ.

ಅದೇ ಲೇಖಕನ ‘ಡೆಲ್ಟಾರೂನ್’ ಏಳು ಅಧ್ಯಾಯಗಳ ಕೃತಿಯಾಗಿ ಯೋಜಿತವಾಯಿತು. ಮೊದಲನೆಯದು 2018ರಲ್ಲಿ, ಎರಡನೆಯದು 2021ರಲ್ಲಿ, ಮೂರು ಮತ್ತು ನಾಲ್ಕನೆಯವು 2025ರ ಜೂನ್‌ನಲ್ಲಿ ಪ್ರಕಟವಾದವು. ವರ್ಷಗಳ ಅಂತರದಲ್ಲಿ ಬರುವ ಈ ಅಧ್ಯಾಯಗಳಿಗಾಗಿ ಜಗತ್ತಿನಾದ್ಯಂತ ಜನರು ಕಾಯುತ್ತಾರೆ. ಇಲ್ಲಿ ಹೋರಾಡುವವನು ಒಬ್ಬನಲ್ಲ, ಸಂಗಡಿಗರ ಗುಂಪು. ಪೆಟ್ಟು ತಿಂದ ಶತ್ರುಗಳು ಸಾಮಾನ್ಯವಾಗಿ ಓಡಿಹೋಗುತ್ತಾರೆ. ಎರಡನೆಯ ಅಧ್ಯಾಯದಿಂದ, ಕ್ಷಮೆ ಪಡೆದವರು ಸಂಗಡಿಗರ ಪಟ್ಟಣಕ್ಕೆ ಬಂದು ನೆಲೆಸುತ್ತಾರೆ. ಆದರೆ ಆ ಎರಡನೆಯ ಅಧ್ಯಾಯದಲ್ಲಿಯೇ ಗುಪ್ತವಾದ ಇನ್ನೊಂದು ದಾರಿಯೂ ಇದೆ. ಅಲ್ಲಿ ನೊಯೆಲ್ ಎಂಬ ಅಂಜುಕುಳಿ ಸಹಪಾಠಿಗೆ ಆಡುವವನು ಮತ್ತೆ ಮತ್ತೆ ಆಜ್ಞೆ ಮಾಡಿ, ಎದುರಾದವರನ್ನೆಲ್ಲ ಅವಳ ಮಂತ್ರದಿಂದ ಹೆಪ್ಪುಗಟ್ಟಿಸುತ್ತಾನೆ. ಅವಳು ಹಿಂಜರಿದರೂ ಆಜ್ಞೆ ನಿಲ್ಲುವುದಿಲ್ಲ. ತಾನು ಕೈಯೆತ್ತಲಿಲ್ಲವೆಂದು ಆಡುವವನು ಹೇಳಿಕೊಳ್ಳಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳನ್ನು ತಿಳಿದವನು ಆ ಸಮಾಧಾನವನ್ನು ಒಪ್ಪುವನೇ? ಮಾಡಿಸಿದವನ ಹೊಣೆಯನ್ನು ಇಷ್ಟು ಸ್ಪಷ್ಟವಾಗಿ ಆಡುವವನ ಬೆರಳಿಗೆ ಕಟ್ಟಿದ್ದು ಈ ಯುದ್ಧಪದ್ಧತಿಯ ದೊಡ್ಡ ಸಾಧನೆ.

ದೋಷಗಳಿಲ್ಲವೆಂದಲ್ಲ. ಕ್ಷಮೆಯೂ ಇಲ್ಲಿ ಹಲವು ವೇಳೆ ಕುಶಲತೆಯಾಗುತ್ತದೆ. ಯಾವ ಗುಂಡಿ ಒತ್ತಿದರೆ ಯಾರು ಶಾಂತರಾಗುತ್ತಾರೆಂದು ಬಾಯಿಪಾಠ ಮಾಡಿದವನಲ್ಲಿ ಕರುಣೆ ಇರಲೇಬೇಕೆಂದಿಲ್ಲ. ಒಳ್ಳೆಯ ಅಂತ್ಯವನ್ನು ಪಡೆಯಲು ತೋರಿದ ದಯೆ ಬಡ್ಡಿಯ ಆಸೆಗೆ ಕೊಟ್ಟ ಸಾಲದಂತೆ. ಇನ್ನು ಬಾಣಗಳಿಂದ ತಪ್ಪಿಸಿಕೊಳ್ಳುವ ಉದ್ವೇಗವೂ ಒಂದು ರಾಗವೇ. ಗಂಟೆಗಟ್ಟಲೆ ಅದರಲ್ಲಿ ಮುಳುಗಿದವನಿಗೆ ಸ್ವಾಧ್ಯಾಯಕ್ಕೆ ಹೊತ್ತೆಲ್ಲಿ? ಇವೆಲ್ಲ ನಿಜವಾದರೂ, ಕೊಲ್ಲದಿರುವುದನ್ನು ಒಂದು ಆಯ್ಕೆಯಾಗಿ ಎದುರಿಗಿಟ್ಟು, ಅದಕ್ಕೆ ಬೆಲೆ ತೆರುವಂತೆ ಮಾಡುವ ಆಟವನ್ನು ಕೊಲ್ಲುವುದೊಂದೇ ದಾರಿಯಾದ ಆಟದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇಲ್ಲಿ ಒಂದು ಅಪ್ರಿಯವಾದ ಮಾತನ್ನೂ ಹೇಳಬೇಕಾಗುತ್ತದೆ. ಪುರಾಣದ ವೇಷವಿದ್ದ ಆಟವನ್ನು ನಮ್ಮ ಸಂಸ್ಕೃತಿಯೆಂದು ಮನೆಗಳಲ್ಲಿ ಸ್ವಾಗತಿಸಿ, ಪರದೇಶದ್ದನ್ನು ಸಂಶಯದಿಂದ ನೋಡುವ ರೂಢಿಯಿದೆ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯು 2020ರಲ್ಲಿ ಹೊರತಂದ ‘ರಾಜಿ’ ಸುಂದರವಾದ ಕೃತಿ. ಸಾಹಸದ ಆಟವೆಂಬ ವರ್ಗಕ್ಕೆ ಸೇರಿದ ಅದರಲ್ಲಿ ರಾಜಸ್ಥಾನದ ಅರಮನೆಗಳ ಶಿಲ್ಪ ಕಣ್ಣಿಗೆ ಹಬ್ಬವಾಗುತ್ತದೆ. ಅಸುರರು ಒಯ್ದ ತಮ್ಮನನ್ನು ಬಿಡಿಸಲು ಹೊರಟ ಅಕ್ಕನ ಹೋರಾಟವನ್ನು ವಿರೋಧಿ ಹಿಂಸೆಯೆಂದು ಎಣಿಸಿ, ಗೃಹಸ್ಥನ ಅಣುವ್ರತದ ಮಿತಿಯೊಳಗೆ ಸಮರ್ಥಿಸಲೂಬಹುದು. ಆದರೆ ಎದುರಿಗೆ ಬಂದ ಅಸುರನನ್ನು ಸಂಹರಿಸದೆ ಮುಂದೆ ಸಾಗುವ ಬಾಗಿಲು ಆ ಯುದ್ಧದಲ್ಲಿಲ್ಲ. ಸಂಯಮಕ್ಕೆ ಅಲ್ಲಿ ಸ್ಥಾನವೇ ಇಲ್ಲ. ವೇಷ ನಮ್ಮದು, ಲೆಕ್ಕ ಹಳೆಯದು. ಅಹಿಂಸೆಯ ದೃಷ್ಟಿಯಿಂದ ಪರದೇಶದ ‘ಅಂಡರ್‌ಟೇಲ್’ ನಮ್ಮ ಮನೆಗೆ ಹೆಚ್ಚು ಹತ್ತಿರದ ನೆಂಟನೆಂದು ಒಪ್ಪಿಕೊಳ್ಳುವುದಕ್ಕೆ ಅನೇಕಾಂತದ ಅಭ್ಯಾಸವಿದ್ದವರು ಹಿಂಜರಿಯಬಾರದು.

ಹಾಗೆ ನೋಡಿದರೆ ಶ್ರೇಷ್ಠವಾದ ಯುದ್ಧಪದ್ಧತಿಯೊಂದು ಕನ್ನಡದಲ್ಲಿ ಸಾವಿರ ವರ್ಷಗಳಿಗೂ ಹಿಂದೆಯೇ ವರ್ಣಿತವಾಗಿದೆ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ನಿರಪರಾಧಿಗಳು ಸಾಯಬಾರದೆಂದು ಮಂತ್ರಿಗಳು ಧರ್ಮಯುದ್ಧವನ್ನು ಸೂಚಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಸ್ಪರ್ಧೆಗಳು, ಮೂರರಲ್ಲಿಯೂ ಶಸ್ತ್ರವಿಲ್ಲ. ಬಾಹುಬಲಿ ಮೂರನ್ನೂ ಗೆದ್ದನು. ಸೋತ ಭರತನು ನಿಯಮ ಮುರಿದು ಎಸೆದ ಚಕ್ರವು ಬಾಹುಬಲಿಗೆ ಬಲಬಂದು ನಿಂತಿತು. ಆಗ ಗೆದ್ದವನು ಗೆಲುವನ್ನು ಸೋತವನಿಗೇ ಬಿಟ್ಟುಕೊಟ್ಟು ತಪಸ್ಸಿಗೆ ನಡೆದನು. ಅಂಕ ಏರಿದಷ್ಟೂ ದೊಡ್ಡವನೆಂಬ ಲೆಕ್ಕವನ್ನು ತ್ಯಾಗವು ಹೀಗೆ ಒಂದೇ ಗೆರೆಯಲ್ಲಿ ಹೊಡೆದುಹಾಕಿತು. ಈ ಸೀಮೆಯ ಊರುಗಳ ಹೊರಗೆ ನಿಂತ ವೀರಗಲ್ಲುಗಳು ಕಾದಿ ಸತ್ತವರನ್ನು ನೆನೆಯುತ್ತವೆ. ಶ್ರವಣಬೆಳಗೊಳದಂಥ ಕ್ಷೇತ್ರಗಳ ನಿಷಿಧಿಗಲ್ಲುಗಳು ಕಷಾಯವನ್ನು ಗೆದ್ದು ದೇಹ ಬಿಟ್ಟವರನ್ನು ನೆನೆಯುತ್ತವೆ. ನಾಡು ಎರಡು ಬಗೆಯ ಗೆಲುವನ್ನೂ ಕಲ್ಲಿನಲ್ಲಿ ಬರೆಸಿದೆ.

ಜೈನರು ಆಟವನ್ನು ಹೀನವೆಂದು ಎಣಿಸಿದವರೂ ಅಲ್ಲ. ಗುಜರಾತ್, ರಾಜಸ್ಥಾನಗಳ ಜೈನರಲ್ಲಿ ಬಳಕೆಯಲ್ಲಿದ್ದ 84 ಮನೆಗಳ ಜ್ಞಾನಚೌಪಡದಲ್ಲಿ ಹಾವು ಏಣಿಗಳ ಮೂಲಕ ಪಾಪಪುಣ್ಯಗಳ ಗತಿಯನ್ನು ಮಕ್ಕಳಿಗೆ ತಿಳಿಸುತ್ತಿದ್ದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಂಥ ಪ್ರಾಚೀನ ಜೈನಕೇಂದ್ರವಿರುವ ಈ ನೆಲದಲ್ಲಿ ಬಸದಿಯ ಟ್ರಸ್ಟುಗಳು ಮಕ್ಕಳ ಪಾಠಶಾಲೆಯಲ್ಲಿ ಒಂದು ಹೊತ್ತನ್ನು ಇಂಥ ಚರ್ಚೆಗೆ ಮೀಸಲಿಡುವುದು ಅನುಚಿತವಾಗದು. ಗಣಕಶಾಸ್ತ್ರ ಓದಿದ ತರುಣರಿಗೆ ಪಂಪನ ಮೂರು ಯುದ್ಧಗಳನ್ನು ಆಟವಾಗಿ ಕಟ್ಟುವ ಕೆಲಸವನ್ನೂ ಒಪ್ಪಿಸಬಹುದು. ಅಲ್ಲಿಯವರೆಗೆ ತಂದೆತಾಯಿಗಳು, ಮಗನು ಕಾಯುತ್ತಿರುವ ಹೊಸ ಆಟ ಮನೆಗೆ ಬಂದ ದಿನ, ಅವನ ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳಲಿ: ಎದುರಿಗಿರುವವನಿಗೆ ಹೆಸರೇನು? ಅವನನ್ನು ಹೊಡೆಯದೆ ಮುಂದೆ ಹೋಗಬಹುದೇ? ಹೊಡೆದರೆ ನಿನಗೆ ಬರುವುದು ಏನು? ಈ ಮೂರಕ್ಕೆ ಉತ್ತರ ಹುಡುಕುತ್ತ ಮಗನು ಒಂದು ಕ್ಷಣ ಗುಂಡಿ ಒತ್ತದೆ ಕೈ ತಡೆದರೆ, ಅಷ್ಟು ಹೊತ್ತಿನ ಮಟ್ಟಿಗಾದರೂ ಅಣುವ್ರತವು ಆ ಮನೆಯಲ್ಲಿ ಆಚರಣೆಗೆ ಬಂದಂತಾಯಿತು.