ಆ ಒಂದು ‘ಆದರೆ’

ಕೋರ್ಟಿನ ಸಿನಿಮಾಗಳಿಗೆ ಆಯಸ್ಸು ಜಾಸ್ತಿ. ಹೊಡೆದಾಟದ ಚಿತ್ರ ಹೊಸ ಹೀರೋ ಬಂದೊಡನೆ ಹಳತಾಗುತ್ತದೆ. ಪ್ರೇಮದ ಚಿತ್ರ ನಮ್ಮ ವಯಸ್ಸಿನ ಜೊತೆಗೇ ಮಾಸುತ್ತದೆ. ಕಪ್ಪು ಕೋಟು, ಕಟಕಟೆ, ನಮ್ಮ ದೇಶದ ನ್ಯಾಯಾಧೀಶರು ಬಳಸದಿದ್ದರೂ ಸಿನಿಮಾದಲ್ಲಿ ತಪ್ಪದೆ ಕುಟ್ಟುವ ಆ ಮರದ ಸುತ್ತಿಗೆ, ಇಷ್ಟಿರುವ ಚಿತ್ರ ಮಾತ್ರ ಊರೂರಿನ ಥಿಯೇಟರುಗಳಲ್ಲಿ ಓಡಿ, ಪಕ್ಕದ ಭಾಷೆಗೂ ಹೋಗಿ, ಆಮೇಲೆ ಟೀವಿಯಲ್ಲಿ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಏಕೆ ಹೀಗೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಕೊನೆಗೆ ನ್ಯಾಯ ಗೆಲ್ಲುತ್ತದಲ್ಲ, ಅದಕ್ಕೆ. ನನಗೆ ಈ ಉತ್ತರ ಸಾಲದು. ನ್ಯಾಯ ಎಲ್ಲ ಸಿನಿಮಾದಲ್ಲೂ ಗೆಲ್ಲುತ್ತದೆ. ಅದಕ್ಕೆ ಕೋರ್ಟೇ ಬೇಕೆಂದಿಲ್ಲ, ಒಂದು ಗೋಡೌನು, ನಾಲ್ಕು ಡ್ರಮ್ಮು ಇದ್ದರೂ ಸಾಕು.

ನಾನು ಬೆಳೆದದ್ದು ಕಡೂರು ಸೀಮೆಯ ಎಮ್ಮೆದೊಡ್ಡಿಯಲ್ಲಿ. ಜನಪದ ಹಾಡಿನಿಂದ ನಿಮಗೆಲ್ಲ ಗೊತ್ತಿರುವ ಮದಗದ ಕೆರೆ ನಮ್ಮ ಕಡೆಯದೇ. ಸಿನಿಮಾ ನೋಡಬೇಕೆಂದರೆ ಬಸ್ಸು ಹತ್ತಿ ಕಡೂರಿಗೋ ಬೀರೂರಿಗೋ ಹೋಗಬೇಕಿತ್ತು. ಹೆಂಗಸರಿಗೆ ಅದು ವರ್ಷಕ್ಕೆ ಎರಡು ಮೂರು ಸಲ ಒದಗಿದರೆ ಹೆಚ್ಚು. ಹಾಗಾಗಿ ಆಯ್ಕೆಯಲ್ಲಿ ಬಹಳ ಬಿಗಿ. ಮೊದಲು ನೋಡಿ ಬಂದವರನ್ನು ‘ಕೋರ್ಟ್ ಸೀನು ಇದೆಯೇನೇ?’ ಎಂದು ವಿಚಾರಿಸಿಕೊಂಡೇ ಹೊರಡುತ್ತಿದ್ದರು. ಹೆಂಗಸರು ಒಪ್ಪಿದರೆ ಪಿಕ್ಚರು ಓಡಿದಂತೆ ಎಂಬುದು ಥಿಯೇಟರಿನವರ ಹಳೆಯ ಲೆಕ್ಕ. ಒಬ್ಬಳು ಮೆಚ್ಚಿದರೆ ಸಾಕು, ಮುಂದಿನ ವಾರ ಅತ್ತೆ, ನಾದಿನಿ, ಪಕ್ಕದ ಮನೆಯವಳು, ಕಂಕುಳಲ್ಲಿ ಕೂಸು, ಎಲ್ಲ ಸೇರಿ ಒಂದು ಬೆಂಚು ತುಂಬುತ್ತದೆ. ಹಾಗೆಂದು ನಿಜವಾದ ಕೋರ್ಟು ನಮ್ಮವರಿಗೆ ಅಪರಿಚಿತವೇನಲ್ಲ. ಪಹಣಿ, ಸರ್ವೆ ನಂಬರು, ವಾಯಿದೆ, ಇವೆಲ್ಲ ಕಣದಲ್ಲಿ ರಾಗಿ ತೂರುವಾಗಲೂ ಆಡುವ ಮಾತುಗಳು. ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವರೇ ದುಡ್ಡು ಕೊಟ್ಟು ಕೋರ್ಟನ್ನು ನೋಡಲು ಹೋಗುತ್ತಿದ್ದರು. ಇದು ನನಗೆ ಬಹಳ ದಿನ ಒಗಟಾಗಿತ್ತು.

ಕನ್ನಡದ ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1971ರಲ್ಲಿ ರಾಜ್‌ಕುಮಾರ್ ಅವರ ‘ನ್ಯಾಯವೇ ದೇವರು’ ಬಂತು. 1982ರಲ್ಲಿ ಶಂಕರ್‌ನಾಗ್ ಅವರ ‘ನ್ಯಾಯ ಎಲ್ಲಿದೆ’. ನಡುವೆ ತುರ್ತು ಪರಿಸ್ಥಿತಿಯೂ ಸೇರಿ ಹನ್ನೊಂದು ವರ್ಷ. ಅಷ್ಟರಲ್ಲಿ ದೇವರು ಕಾಣೆಯಾಗಿ ಪ್ರಶ್ನೆ ಉಳಿಯಿತು. ‘ನ್ಯಾಯ ಎಲ್ಲಿದೆ’ 1981ರ ತಮಿಳು ಚಿತ್ರವೊಂದರ ಕನ್ನಡ ರೂಪ. ಅದೇ ಕತೆ ತೆಲುಗಿನಲ್ಲೂ ಬಂತು, 1983ರಲ್ಲಿ ‘ಅಂಧಾ ಕಾನೂನ್’ ಆಗಿ ಹಿಂದಿಗೂ ಹೋಯಿತು. ಮೂರು ವರ್ಷದೊಳಗೆ ನಾಲ್ಕು ಭಾಷೆ! ಕಾನೂನು ಕುರುಡು ಎಂಬ ಸಿಟ್ಟಿಗೆ ಅನುವಾದ ಬೇಕಾಗಲಿಲ್ಲ. ಆದರೂ ಆ ಚಿತ್ರಗಳಲ್ಲಿ ನಾಯಕನ ನಂಬಿಕೆಯೆಲ್ಲ ತನ್ನ ತೋಳಿನ ಮೇಲೆ. ಅವನ ಸಾಹಸವನ್ನು ನಾವು ಮೆಚ್ಚಿದೆವು. ನೆನಪಿನಲ್ಲಿ ಗಟ್ಟಿಯಾಗಿ ಕೂತದ್ದು ಬೇರೆ ಬಗೆಯವು.

1993ರ ‘ದಾಮಿನಿ’ಯನ್ನು ತೆಗೆದುಕೊಳ್ಳಿ. ಹಿಂದಿ ಬಾರದ ನಮ್ಮೂರಿನ ಹೆಂಗಸರಿಗೂ ಅದು ಅರ್ಥವಾಗಿತ್ತು. ಹೋಳಿಯ ದಿನ ಮೈದುನ ಮತ್ತು ಅವನ ಗೆಳೆಯರು ಮನೆಕೆಲಸದ ಹುಡುಗಿಯ ಮೇಲೆ ಎರಗಿದ್ದನ್ನು ಹಿರಿಸೊಸೆ ಕಣ್ಣಾರೆ ಕಾಣುತ್ತಾಳೆ. ಮನೆಯ ಮಾನ ಹೋಗುತ್ತದೆ, ಸುಮ್ಮನಿರು ಎನ್ನುತ್ತಾರೆ. ಅವಳು ಸುಮ್ಮನಿರುವುದಿಲ್ಲ. ಹುಚ್ಚಿ ಎಂದು ಆಸ್ಪತ್ರೆಗೆ ಸೇರಿಸುತ್ತಾರೆ. ‘ಮನೆಯ ಮಾತು ಹೊಸಿಲು ದಾಟಬಾರದು’ ಎಂಬುದನ್ನು ಕೇಳಿಕೊಂಡೇ ಬೆಳೆದ ನಮಗೆ, ಒಬ್ಬ ಸೊಸೆ ಆ ಮಾತನ್ನು ಹೊಸಿಲು ದಾಟಿಸಿ ಕಟಕಟೆಯವರೆಗೆ ಹೊತ್ತೊಯ್ದದ್ದೇ ಮೈ ಜುಮ್ಮೆನ್ನಿಸಿತು. ಅದೂ ಯಾರಿಗಾಗಿ? ತನಗಾಗಿ ಅಲ್ಲ, ಪಾತ್ರೆ ತೊಳೆಯುವವಳಿಗಾಗಿ.

ನನ್ನ ಒಗಟು ಬಿಡಿಸಿದವಳು ದೊಡ್ಡಮ್ಮ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಬಂತು. ಅದಾಗಿ ಕೆಲವು ವರ್ಷಕ್ಕೆ ತಾತ ತೀರಿಕೊಂಡರು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎಂದು ಸೋದರಮಾವಂದಿರು ಬಂದರು. ದೊಡ್ಡಮ್ಮ ಹಾಕಲಿಲ್ಲ. ಪೇಟೆಯ ಕೋರ್ಟಿನಲ್ಲಿ ಪಾಲಿನ ದಾವೆ ಹೂಡಿದಳು. ತಾನು ಹೇಳಬೇಕಾದ್ದನ್ನು ಎಮ್ಮೆ ಕರೆಯುತ್ತಾ, ಹಿತ್ತಲು ಗುಡಿಸುತ್ತಾ ವರ್ಷಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು: ಬಾವಿ ತೋಡುವಾಗ ತಾನು ಮಣ್ಣು ಹೊತ್ತದ್ದು, ಅಪ್ಪ ಕಾಯಿಲೆ ಬಿದ್ದಾಗ ಯಾರು ನೋಡಿಕೊಂಡರು ಎಂಬುದು.

ಸಾಕ್ಷಿಯ ದಿನ ಗೊತ್ತಾಯಿತು, ಅದನ್ನೆಲ್ಲ ಹೇಳುವ ಹಾಗಿಲ್ಲ. ಸಿವಿಲ್ ದಾವೆಗಳಲ್ಲಿ 2002ರಿಂದ ಸಾಕ್ಷಿಯ ಮುಖ್ಯ ಹೇಳಿಕೆ ಬಾಯಲ್ಲಿ ನಡೆಯುವುದಿಲ್ಲ, ವಕೀಲರು ಟೈಪು ಮಾಡಿಸಿದ ಪ್ರಮಾಣಪತ್ರವಾಗಿ ಹೋಗುತ್ತದೆ. ಕಾಲ ಉಳಿಯಲೆಂದು ಮಾಡಿದ ಏರ್ಪಾಡು. ಅವಳಿಗೆ ಉಳಿದದ್ದು ಎದುರು ವಕೀಲರ ಪಾಟೀ ಸವಾಲು ಮಾತ್ರ. ‘ನಿಮ್ಮ ಮದುವೆಯ ಖರ್ಚು ಅಣ್ಣತಮ್ಮಂದಿರು ಕೊಟ್ಟದ್ದು ನಿಜವಲ್ಲವೆ?’ ‘ನಿಜ ಸ್ವಾಮಿ, ಆದರೆ…’ ನಿಜ ಎಂಬುದು ಟೈಪಾಯಿತು. ‘ಆದರೆ’ ಗಾಳಿಯಲ್ಲಿ ಹೋಯಿತು. ಹತ್ತು ನಿಮಿಷದಲ್ಲಿ ಕೆಳಗಿಳಿದಳು.

ತೀರ್ಪು ಅವಳ ಪರವಾಗಿಯೇ ಬಂತು, ಒಂದೂವರೆ ಎಕರೆ ಖುಷ್ಕಿ ಅವಳ ಹೆಸರಿಗಾಯಿತು. ಆದರೂ ಅವಳ ಕೊರಗು ಹೋಗಲಿಲ್ಲ. ಟೀವಿಯಲ್ಲಿ ‘ದಾಮಿನಿ’ ಬಂದಾಗ ಒಮ್ಮೆ ಅಂದಳು: ‘ಅವಳು ಗೆದ್ದಿದ್ದು ದೊಡ್ಡದಲ್ಲ ಕಣೇ. ನಾನೂ ಗೆದ್ದೆ. ಅವಳಿಗೆ ಮಾತು ಮುಗಿಸೋಕೆ ಬಿಟ್ರು ನೋಡು, ಅದು.’

ಕೋರ್ಟಿನ ಚಿತ್ರದ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ. ನಾವು ಟಿಕೇಟು ಕೊಂಡದ್ದು ತೀರ್ಪಿಗಲ್ಲ, ಆಲಿಸುವ ಕಿವಿಗೆ. ಮನೆಯಲ್ಲಿ ಹೆಣ್ಣಿನ ಮಾತನ್ನು ಕುಕ್ಕರಿನ ಸೀಟಿಯಿಂದ ಹಿಡಿದು ಗಂಡನ ಕೆಮ್ಮಿನವರೆಗೆ ಏನು ಬೇಕಾದರೂ ತುಂಡರಿಸುತ್ತದೆ. ಪಂಚಾಯ್ತಿ ಕಟ್ಟೆಯಲ್ಲಿ ಅವಳ ಪರವಾಗಿ ಮಾವನೋ ಮಗನೋ ಮಾತಾಡುತ್ತಾನೆ. ನಿಜವಾದ ಕೋರ್ಟಿಗೆ ಪುರುಸೊತ್ತಿಲ್ಲ. ತೆರೆಯ ಮೇಲಿನ ಕೋರ್ಟಿನಲ್ಲಿ ಮಾತ್ರ ಎಲ್ಲರೂ ಉಸಿರು ಬಿಗಿಹಿಡಿದು ಕೂತು ಒಬ್ಬಳ ವಾಕ್ಯ ಮುಗಿಯುವವರೆಗೆ ಕಾಯುತ್ತಾರೆ. ಇಂಥ ಜಾಗ ನಮಗೆ ಬೇರೆಲ್ಲೂ ಸಿಕ್ಕಿಲ್ಲ. ಹಾಗಾಗಿಯೇ ಮತ್ತೆ ಮತ್ತೆ ಹೋಗುತ್ತೇವೆ.

ಆದರೆ ಇದೇ ಚಿತ್ರಗಳು ನಮಗೆ ಮೋಸವನ್ನೂ ಮಾಡಿವೆ. ‘ದಾಮಿನಿ’ ಎಂದೊಡನೆ ಇವತ್ತು ಜನರ ಬಾಯಿಗೆ ಬರುವುದು ವಾಯಿದೆಗಳ ಬಗ್ಗೆ ವಕೀಲ ಕೂಗುವ ಮಾತು. ಆ ವಕೀಲನ ಪಾತ್ರಕ್ಕೆ ಸನ್ನಿ ಡಿಯೋಲ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಎಲ್ಲವನ್ನೂ ಪಣಕ್ಕಿಟ್ಟ ಮೀನಾಕ್ಷಿ ಶೇಷಾದ್ರಿಯ ಒಂದು ವಾಕ್ಯವನ್ನಾದರೂ ಯಾರಾದರೂ ಹೇಳಬಲ್ಲರೆ? 2016ರ ‘ಪಿಂಕ್’ ಮೂವರು ಹುಡುಗಿಯರ ಕತೆ. ಅಲ್ಲಿಯೂ ಕಿವಿಯಲ್ಲಿ ಉಳಿಯುವುದು ಅಮಿತಾಭ್ ಬಚ್ಚನ್ನರ ಕಂಠ. ಅದು 2021ರಲ್ಲಿ ತೆಲುಗಿಗೆ ಹೋದಾಗ ಪವನ್ ಕಲ್ಯಾಣ್ ಬಂದರು, ಚಿತ್ರದ ಹೆಸರೇ ‘ವಕೀಲ್ ಸಾಬ್’ ಆಯಿತು! ಕಟಕಟೆ ಏರಿದ್ದು ಹೆಣ್ಣು, ಪೋಸ್ಟರಿಗೆ ಏರಿದ್ದು ವಕೀಲರು. ನಮ್ಮ ಕಟ್ಟೆಯ ಮೇಲೆ ಮಾವ ಮಾಡುವುದನ್ನೇ ಇವರು ಕಪ್ಪು ಕೋಟು ಹಾಕಿಕೊಂಡು ಮಾಡಿದರು.

ಬೇರೆ ದಾರಿ ಇಲ್ಲವೆಂದಲ್ಲ. 2022ರಲ್ಲಿ ಬಂದ ಮಲಯಾಳದ ‘ನ್ನಾ ತಾನ್ ಕೇಸ್ ಕೊಡ್’ ನಮ್ಮ ಕನ್ನಡದವರೂ ಬಾಳುವ ಕಾಸರಗೋಡು ಜಿಲ್ಲೆಯಲ್ಲಿ ನಡೆಯುವ ಕತೆ. ಹಳೆಯ ಕಳ್ಳನೊಬ್ಬ ರಸ್ತೆಯ ಗುಂಡಿಯ ವಿಷಯ ಹಿಡಿದು ಮಂತ್ರಿಯನ್ನೇ ಕೋರ್ಟಿಗೆಳೆಯುತ್ತಾನೆ. ಅವನ ಪರವಾಗಿ ಗರ್ಜಿಸುವವರಿಲ್ಲ. ತನ್ನ ವಾದವನ್ನು ತಾನೇ ಮಂಡಿಸುತ್ತಾನೆ. ಜನ ನಕ್ಕರು, ಚಿತ್ರ ಚೆನ್ನಾಗಿ ಓಡಿತು. ಸಾಮಾನ್ಯ ಮನುಷ್ಯ ತನ್ನ ಬಾಯಲ್ಲೇ ಮಾತಾಡಿದರೂ ಥಿಯೇಟರು ತುಂಬುತ್ತದೆ ಎಂದಾಯಿತಲ್ಲ. ಆ ಜಾಗದಲ್ಲಿ ಒಬ್ಬ ಹೆಣ್ಣನ್ನು ನಿಲ್ಲಿಸಲು ನಮ್ಮ ನಿರ್ಮಾಪಕರಿಗೇಕೆ ಹೆದರಿಕೆಯೋ!

ಮುಂದಿನ ಸಲ ಇಂಥ ಚಿತ್ರ ನೋಡುವಾಗ ಯಾರು ಗೆದ್ದರು ಎಂಬುದನ್ನು ಪಕ್ಕಕ್ಕಿಡಿ. ನೊಂದವಳು ಎಷ್ಟು ಹೊತ್ತು ಮಾತಾಡಿದಳು, ಅವಳ ‘ಆದರೆ’ಯ ನಂತರದ ಮಾತು ನಮಗೆ ಕೇಳಿಸಿತೇ ಎಂದು ಗಮನಿಸಿ. ಕೇಳಿಸಿದ್ದರೆ ಆ ಚಿತ್ರ ನಿಮ್ಮ ಮಗಳ ಕಾಲಕ್ಕೂ ಓಡುತ್ತದೆ.